ಬೆಂಕಿ ಹತ್ತುವ ಮಡಿಲಕ್ಕಿ

ತಿಪಟೂರಿನ ಜನ ಎಂಥ ಎಂಟೆದೆಯವರು ಅಂತ ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದ್ದು ಒಂದು ಪುಟ್ಟ ವಿಮಾನ ನಿಲ್ದಾಣ.

ನೆಂಟರ ಮದುವೆಗೆ ತುಮಕೂರಿನಿಂದ ದೂರದ ಊರೊಂದಕ್ಕೆ ರೈಲಲ್ಲಿ ಹೋಗಿದ್ದೆವು. ವಾಪಸ್ ವಿಮಾನದಲ್ಲಿ ಹೋಗೋಣ ಎಂದಳು ಹೆಂಡತಿ. ದಿನಕ್ಕೆ ಎರಡೇ ವಿಮಾನ ಬರುವ ಜಾಗ. ಮುಂದೆ ಒಂದು ಆಟೊ, ಎರಡು ನಾಯಿ ಬಿಟ್ಟರೆ ಬರೀ ಬಯಲು. ಆದರೂ ನೆಂಟರ ಕಾರು ನಿಂತ ಕೂಡಲೇ ಸೀಟಿ. 'ಗಾಡಿ ತೆಗೀರಿ, ಗಾಡಿ ತೆಗೀರಿ!' ಯಾರಿಗೆ ಅಡ್ಡವಾಗಿತ್ತೋ, ಆ ನಾಯಿಗಳೇ ಹೇಳಬೇಕು.

ಒಳಗೆ ನಮ್ಮ ಬ್ಯಾಗು ಯಂತ್ರದೊಳಗೆ ಹೋಯಿತು. ಹಿಂದೆ ಬಂತು. ಮತ್ತೆ ಹೋಯಿತು. ಮೂರು ಜನ ಪರದೆಗೆ ಮೂಗು ಹಚ್ಚಿ ನೋಡಿದರು. ಬಿಚ್ಚಿಸಿದರೆ, ಹೆಂಡತಿಗೆ ಮಡಿಲು ತುಂಬಿದ್ದ ಅಕ್ಕಿ, ಬೆಲ್ಲ, ಅರಿಶಿನ, ರವಿಕೆ ಕಣ, ಎರಡು ಕೊಬ್ಬರಿ ಬಟ್ಟಲು.

'ಕೊಬ್ಬರಿ ಬಿಡೋ ಹಾಗಿಲ್ಲ.'

'ಹೋಗಲಿ, ಕೆಳಗಿನ ಲಗೇಜಿಗೆ ಹಾಕ್ತೀವಿ.'

'ಅಲ್ಲೂ ಇಲ್ಲ ಸರ್. ಬೆಂಕಿ ಹತ್ತುತ್ತೆ.'

ಸುಳ್ಳೇನಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ರಾಶಿ ಬಿದ್ದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಅದಕ್ಕೆ 1363 ಅಂತ ನಂಬರೇ ಇದೆ. ಆದರೆ ನಮ್ಮದು ರಾಶಿಯಲ್ಲ, ಎರಡು ಬಟ್ಟಲು. ರಾಶಿ ಇರುವುದು ತಿಪಟೂರಿನ ಅಟ್ಟಗಳಲ್ಲಿ. ಕಾಯಿ ಅಲ್ಲೇ 10-11 ತಿಂಗಳು ಕೂತು ಉಂಡೆ ಕೊಬ್ಬರಿ ಆಗುತ್ತದೆ. ಮೇಲೆ 1363, ಕೆಳಗೆ ಚಾಪೆ ಹಾಸಿಕೊಂಡು ಗೊರಕೆ!

'ಶಬರಿಮಲೆಗೆ ಹೋಗೋರ ತುಪ್ಪದ ಕಾಯಿಯನ್ನು 2022ರಲ್ಲಿ ಕ್ಯಾಬಿನ್‌ಗೇ ಬಿಟ್ರಲ್ಲ?' ಎಂದೆ.

'ಅದು ಆ ಸೀಸನ್ನಿಗೆ.'

ಸರಿ, ಕಾಯಿಗೂ ಸೀಸನ್ ಟಿಕೆಟ್.

ಮಡಿಲಕ್ಕಿ ಕೊಬ್ಬರಿ ಕಸದ ಡಬ್ಬಕ್ಕೆ ಹಾಕೋಕೆ ಇವಳು ಸುತಾರಾಂ ಒಪ್ಪಲಿಲ್ಲ. 'ತಿಂದುಬಿಟ್ರೆ?' ಎಂದಳು. ಮೂವರೂ ಮುಖ ಮುಖ ನೋಡಿಕೊಂಡರು. ಹೊಟ್ಟೆಯ ವಿಷಯ ಪಟ್ಟಿಯಲ್ಲಿ ಇರಲಿಲ್ಲ ಅಂತ ಕಾಣುತ್ತೆ. ಬಾಗಿಲವರೆಗೆ ವಾಪಸ್ ಕಳಿಸಿದರು. ಅಲ್ಲೇ ನಿಂತು ಬೆಲ್ಲದ ಜತೆ ಕಡಿದೆವು. ಸೀಟಿಯವನಿಗೂ ಒಂದು ಚೂರು ಕೊಟ್ಟೆವು. ಬಾಯಿ ತುಂಬಿದ್ದಷ್ಟು ಹೊತ್ತು ಸೀಟಿ ನಿಂತಿತ್ತು. ಆಮೇಲೆ ಅಷ್ಟೂ ಎಣ್ಣೆಯನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಅದೇ ತಪಾಸಣೆ ದಾಟಿದೆವು. ಯಾವ ಯಂತ್ರವೂ ಕಿರುಚಲಿಲ್ಲ.

ಈಗ ಶಿರಾ ಹತ್ತಿರ ವಿಮಾನ ನಿಲ್ದಾಣ ಬೇಕು ಅಂತ ನಮ್ಮ ಜಿಲ್ಲೆಯಲ್ಲಿ ಕೂಗು. ಬರಲಿ ಬಿಡಿ. ಬಾಗಿಲಲ್ಲೇ ಒಂದಷ್ಟು ಅಚ್ಚು ಬೆಲ್ಲ ಇಟ್ಟಿರಿ.