ಮಿಡಲ್ಸ್‌ಬರೋ ಹುಟ್ಟಿದ್ದು ಉಕ್ಕಿಗಾಗಿ ಅಲ್ಲ

ಇಂಗ್ಲೆಂಡಿನ ಮಿಡಲ್ಸ್‌ಬರೋ 'ಉಕ್ಕಿಗಾಗಿಯೇ ಕಟ್ಟಿದ ನಗರ' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. 1801ರಲ್ಲಿ ಅಲ್ಲಿದ್ದವರು ಬರೀ 25 ಮಂದಿ. ಉದ್ಯಮಿ ಜೋಸೆಫ್ ಪೀಸ್ ಮತ್ತು ಪಾಲುದಾರರು ಟೀಸ್ ನದಿ ದಂಡೆಯ ಆ ಜಮೀನು ಕೊಂಡದ್ದು ಡರ್ಹಮ್‌ನ ಕಲ್ಲಿದ್ದಲನ್ನು ಹಡಗಿಗೆ ತುಂಬಲು. 1830ರಲ್ಲಿ ರೈಲು ಬಂತು. ಕಬ್ಬಿಣದ ಕಾರ್ಖಾನೆ ಶುರುವಾದದ್ದು 1841ರಲ್ಲಿ, ಹತ್ತಿರದ ಎಸ್ಟನ್ ಗುಡ್ಡದಲ್ಲಿ ಭಾರೀ ಅದಿರು ಸಿಕ್ಕಿದ್ದು 1850ರಲ್ಲಿ.

ಉಕ್ಕು ಇನ್ನೂ ತಡ. ಆ ಅದಿರಿನಲ್ಲಿ ರಂಜಕ ಜಾಸ್ತಿ, ಅದರ ಉಕ್ಕು ಪೆಡಸಾಗಿ ಮುರಿಯುತ್ತಿತ್ತು. ಕುಲುಮೆಯ ಒಳಮೈಗೆ ಡಾಲಮೈಟ್ ಎಂಬ ಸುಣ್ಣಕಲ್ಲಿನಂಥ ಕಲ್ಲು ಹೊದಿಸಿ, ಸುಣ್ಣ ಹಾಕಿ ರಂಜಕವನ್ನು ಕಿಟ್ಟದೊಳಗೆ ಸೆಳೆಯುವ ಗಿಲ್‌ಕ್ರಿಸ್ಟ್ ಥಾಮಸ್ ವಿಧಾನ 1879ರಲ್ಲಿ ಅಲ್ಲೇ ಗೆದ್ದಿತು. ನನ್ನ ಮಟ್ಟಿಗೆ ಆ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗಳಿಗೆಯಿಲ್ಲ. ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದ ಡಾರ್ಮನ್ ಲಾಂಗ್ ಕಂಪನಿ ಅಲ್ಲಿಯದೇ ಎಂಬುದು ಮಾತ್ರ ನಿಜ. ಇನ್ನು ಬ್ರಿಟನ್ನಿನಲ್ಲಿ ಅಧಿಕೃತವಾಗಿ ಕೊಡುವ 'ನಗರ' ದರ್ಜೆ ಆ ಊರಿಗೆ 2022ರಲ್ಲೂ ಸಿಗಲಿಲ್ಲ.