ಫಾಂಟೀನಳನ್ನು ಮರೆಯಬೇಡಿ

ವಿಕ್ಟರ್ ಹ್ಯೂಗೋ ಅವರ ಫ್ರೆಂಚ್ ಕಾದಂಬರಿ 'ಲೆ ಮಿಸೆರಾಬ್ಲ್' (1862) ಕುರಿತು ನಾನು ಓದಿದ ಲೇಖನವೊಂದು, ಬಿಷಪ್ಪರ ಬೆಳ್ಳಿಯ ದೀಪಸ್ತಂಭಗಳಿಂದಲೇ ಜೀನ್ ವಾಲ್ಜೀನ್ ಹೊಸ ಮನುಷ್ಯನಾದ ಎಂದು ಮುಗಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಸೆರೆಯಿಂದ ಬಿಡುಗಡೆಯಾಗಿ ಬಂದ ವಾಲ್ಜೀನ್ ತನಗೆ ಆಶ್ರಯ ಕೊಟ್ಟ ಬಿಷಪ್ಪರ ಬೆಳ್ಳಿ ಸಾಮಾನು ಕದ್ದಾಗ, ಅವರು ಕ್ಷಮಿಸಿ ದೀಪಸ್ತಂಭಗಳನ್ನೂ ಕೊಟ್ಟು ಕಳಿಸುತ್ತಾರೆ, ನಿಜ. ಆದರೆ ಆ ಕ್ಷಮೆ ಸಿಕ್ಕ ಮೇಲೂ ಆತ ಬಡ ಹುಡುಗನೊಬ್ಬನ ನಾಣ್ಯವನ್ನು ಕಾಲಡಿ ಅದುಮಿ ಹಿಡಿಯುತ್ತಾನೆ. ಬಿಕ್ಕಿ ಬಿಕ್ಕಿ ಅಳುವುದು ಆಮೇಲೆ. 19 ವರ್ಷಗಳ ಸೆರೆವಾಸ ಒಂದೇ ರಾತ್ರಿಯಲ್ಲಿ ಮೈಬಿಟ್ಟು ಹೋಗುತ್ತದೆಯೇ?

ಇನ್ನು ಫಾಂಟೀನ್! ಈ ಬಡ ತಾಯಿ, ಬೇರೆಯವರ ಮನೆಯಲ್ಲಿ ಬಿಟ್ಟ ಮಗಳು ಕೊಸೆಟ್‌ಗೆ ಚಳಿಯೆಂದು 10 ಫ್ರಾಂಕಿಗೆ ಕೂದಲು ಮಾರಿ ಉಣ್ಣೆಯ ಲಂಗ ಕೊಂಡು ಕಳಿಸುತ್ತಾಳೆ. ಅದನ್ನು ತೊಡುವವಳು ಕೊಸೆಟ್ ಅಲ್ಲ, ಅವಳನ್ನು ಇಟ್ಟುಕೊಂಡಿದ್ದ ಥೆನಾರ್ಡಿಯರ್ ದಂಪತಿಯ ಮಗಳು. ಆಮೇಲೆ ಫಾಂಟೀನ್ ಮಾರುವುದು ತನ್ನ ಮುಂದಿನ ಎರಡು ಹಲ್ಲು. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ. ಅವಳನ್ನು ಕೆಲಸದಿಂದ ತೆಗೆದದ್ದು ಅಷ್ಟರಲ್ಲಿ ಹೆಸರು ಬದಲಿಸಿಕೊಂಡು ಉದ್ಯಮಿಯಾಗಿದ್ದ ವಾಲ್ಜೀನನದೇ ಕಾರ್ಖಾನೆ, ಅವನಿಗೆ ತಿಳಿಯದಂತೆ. ಕೊಸೆಟ್‌ಳನ್ನು ಅವನು ಸಾಕಿದ್ದು ಆ ಋಣಕ್ಕಾಗಿಯೂ ಎಂದೇ ನಾನು ಓದಿಕೊಂಡಿದ್ದೇನೆ.