ಕುದುರೆಯ ನಡಿಗೆಗೆ ಅಂಕ ಬೇಕಾ?

ಪರ: ಬೇಕು

ಐಸ್‌ಲ್ಯಾಂಡ್ ಕುದುರೆಗಳ ಮೇಳಗಳಲ್ಲಿ ಒಂದು ತಮಾಷೆಯ ಆಟವಿದೆ. ಸವಾರ ಒಂದು ಕೈಯಲ್ಲಿ ತುಂಬಿದ ಬಿಯರ್ ಮಗ್ ಹಿಡಿದು ಕುದುರೆ ಓಡಿಸಬೇಕು. ಬಿಯರ್ ಚೆಲ್ಲಬಾರದು. ಒಳ್ಳೆಯ ಕುದುರೆಯಾದರೆ ಚೆಲ್ಲುವುದೂ ಇಲ್ಲ. ಅದು 'ಟೋಲ್ಟ್' ಎಂಬ ನಡಿಗೆಯ ಗುಣ. ನಾಲ್ಕು ಕಾಲೂ ಒಂದೊಂದಾಗಿ ನೆಲ ಮುಟ್ಟುತ್ತವೆ. ಒಂದಾದರೂ ಗೊರಸು ಯಾವಾಗಲೂ ನೆಲದ ಮೇಲಿರುತ್ತದೆ. ಹಾಗಾಗಿ ಕುಲುಕಾಟ ಕಡಿಮೆ.

ಆದರೆ ಮಾರುವವರೆಲ್ಲ 'ನಮ್ಮದೇ ನಯ' ಅಂತಾರೆ, ಅಲ್ವಾ? ಟೆನ್ನೆಸೀ ವಾಕಿಂಗ್ ಹಾರ್ಸ್, ಪಾಸೊ ಫಿನೊ, ಪೆರುವಿಯನ್ ಪಾಸೊ ತಳಿಗಳಿರಲಿ, ನಮ್ಮ ರಾಜಸ್ಥಾನದ ಮಾರ್ವಾರಿ ತಳಿಯ 'ರೇವಾಲ್' ನಡಿಗೆಯಿರಲಿ, ಎಲ್ಲದಕ್ಕೂ ಒಂದೇ ಹೊಗಳಿಕೆ. ನಿಜ ತಿಳಿಯಲು ಕಣ ಬೇಕು, ತೀರ್ಪುಗಾರ ಬೇಕು. ಐಸ್‌ಲ್ಯಾಂಡ್ ಕುದುರೆಗಳ ತಳಿ ಪರೀಕ್ಷೆಯಲ್ಲಿ ಒಂದೊಂದು ನಡಿಗೆಗೂ ಬೇರೆ ಅಂಕ. ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬೇಕೆಂದು ಸಾಕುವವರು ಅದನ್ನು ನೋಡಿ ಲೆಕ್ಕ ಹಾಕುತ್ತಾರೆ. ಟೋಲ್ಟ್ ಸ್ಪರ್ಧೆಯ ಒಂದು ಬಗೆಯಲ್ಲಂತೂ ಸವಾರ ಲಗಾಮು ಸಡಿಲ ಬಿಡಲೇಬೇಕು. ಆಗಲೂ ತಾಳ ತಪ್ಪದಿದ್ದರೆ ಆ ನಡಿಗೆ ಕುದುರೆಯದ್ದೇ, ಸವಾರನ ಕೈಚಳಕವಲ್ಲ.

ವಿರೋಧ: ಬೇಡ

ಬಿಯರ್ ಆಟ ನನಗೂ ಇಷ್ಟ. ಅದರಲ್ಲಿ ಪರೀಕ್ಷೆಯಾಗುವುದು ಸವಾರನ ಸುಖ. ಪ್ರದರ್ಶನದಲ್ಲಿ ಅಂಕ ಕೊಡುವವನು ಕೆಳಗೆ ನಿಂತು ನೋಡುತ್ತಾನೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಟೆನ್ನೆಸೀ ಕುದುರೆಯನ್ನೇ ನೋಡಿ. ದಿನವಿಡೀ ಜಮೀನು ಸುತ್ತಿದರೂ ಸೊಂಟ ನೋಯಬಾರದೆಂದು ಬೆಳೆಸಿದ ತಳಿ. ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಬೀಳುತ್ತದೆ, ತಲೆ ತಾಳಕ್ಕೆ ತೂಗುತ್ತದೆ. ಅಷ್ಟೇ ಸಾಕಿತ್ತು. ಆದರೆ ಅಮೆರಿಕದ ಟೆನ್ನೆಸೀ ರಾಜ್ಯದ ಶೆಲ್ಬಿವಿಲ್ ಊರಲ್ಲಿ 1939ರಿಂದ ನಡೆಯುವ ದೊಡ್ಡ ಪ್ರದರ್ಶನದಲ್ಲಿ, ಕಾಲ ಕಳೆದಂತೆ, ಮುಂಗಾಲನ್ನು ಎದೆಮಟ್ಟ ಎತ್ತುವ ಕುದುರೆಗೆ ಚಪ್ಪಾಳೆ ಜಾಸ್ತಿಯಾಯಿತು. ಗೊರಸಿಗೆ ದಪ್ಪ ಪ್ಯಾಡು ಬಂತು, ಕಾಲಿಗೆ ಸರಪಳಿ ಬಂತು. ಕೆಲವರು ಗೊರಸಿನ ಮೇಲಿನ ಚರ್ಮಕ್ಕೆ ಸಾಸಿವೆ ಎಣ್ಣೆ, ಸೀಮೆಎಣ್ಣೆ ಹಚ್ಚಿ ಸುಟ್ಟರು. ಉರಿಗೆ ಕಾಲು ತಾನಾಗಿ ಮೇಲೇಳುತ್ತದೆ. ಇದಕ್ಕೆ 'ಸೋರಿಂಗ್' ಅನ್ನುತ್ತಾರೆ. ಇದನ್ನು ತಡೆಯಲು ಅಮೆರಿಕ 1970ರಲ್ಲೇ ಕಾನೂನು ಮಾಡಿತು. ಆದರೂ 2006ರಲ್ಲಿ ತಪಾಸಣೆಯಲ್ಲಿ ಕುದುರೆಗಳು ಫೇಲಾಗಿ ಅದೇ ಶೆಲ್ಬಿವಿಲ್‌ನಲ್ಲಿ ಆ ವರ್ಷದ ಮುಖ್ಯ ಪಟ್ಟವನ್ನೇ ಯಾರಿಗೂ ಕೊಡಲಾಗಲಿಲ್ಲ.

ಐಸ್‌ಲ್ಯಾಂಡ್ ಹಾಗಲ್ಲ ಅನ್ನುತ್ತೀರಿ. ಒಪ್ಪಿದೆ, ಅವರ ನಿಯಮ ಬಿಗಿ. ಆದರೂ ಬಾಯಿಗೆ ಗಾಯ ಮಾಡುತ್ತಿದ್ದ ಒಂದು ಬಗೆಯ ಕಡಿವಾಣವನ್ನು ಸ್ಪರ್ಧೆಯಿಂದ ಹೊರಗಿಡಬೇಕಾಯಿತು. ಅಂಕದ ಆಸೆ ಅಲ್ಲೂ ಇದೆ.

ಇನ್ನು ಯಾವ ತಳಿ ಮೇಲು ಎಂಬ ಜಗಳ. 2012ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ, ಡಿಎಂಆರ್‌ಟಿ3 ಎಂಬ ಜೀನಿನ ಒಂದು ಬದಲಾವಣೆಗೂ ಇಂಥ ನಡಿಗೆಗೂ ನಂಟಿದೆ ಎಂದು ತೋರಿಸಿತು. ಐಸ್‌ಲ್ಯಾಂಡ್, ಟೆನ್ನೆಸೀ, ಪಾಸೊ, ಎಲ್ಲದರಲ್ಲೂ ಅದೇ ಬದಲಾವಣೆ. ಅಣ್ಣತಮ್ಮಂದಿರನ್ನು ಸುಮ್ನೆ ಜಗಳಕ್ಕೆ ಬಿಟ್ಟಿದ್ದೇವೆ.

ಕುದುರೆ ಕೊಳ್ಳುವವರು ಕಪ್ ನೋಡುವುದು ಬಿಡಿ. ಒಂದು ಗಂಟೆ ಸವಾರಿ ಮಾಡಿ. ಇಳಿದ ಮೇಲೆ ಮೊದಲು ನಿಮ್ಮ ಸೊಂಟ ಮುಟ್ಟಿ ನೋಡಿಕೊಳ್ಳಿ, ಆಮೇಲೆ ಗೊರಸಿನ ಮೇಲಿನ ಚರ್ಮ ಮುಟ್ಟಿ ನೋಡಿ. ಕುದುರೆ ಕಾಲು ಎಳೆದುಕೊಂಡರೆ ವ್ಯಾಪಾರ ಬೇಡ.